ಸುಲಭ, ಸುಲಭ, ಮಧ್ಯಮ

ಪ್ರತಿ ಮಾರ್ಚಿನಲ್ಲೂ ಈ ಹಲಗೆಗೆ
ಬಣ್ಣ ಬಳಿಯುವವನು ನಾನೇ.
ಪಾರ್ಕಿಂಗ್ ಮುಗಿದು ಸಾನ್ ಗೇಬ್ರಿಯಲ್ ಬೆಟ್ಟ ಶುರುವಾಗುವ ಕಡೆ,
ನಾಯಿಚೀಲಗಳ ಡಬ್ಬಿಯ ಪಕ್ಕ,
ಓಕ್ ಮರ ಅರ್ಧ ನೆರಳು ಕೊಟ್ಟು
ಅರ್ಧ ತನಗೇ ಉಳಿಸಿಕೊಂಡ ಜಾಗದಲ್ಲಿ.
ಮೂರು ದಾರಿ, ಮೂರು ಗೆರೆ,
ಗೆರೆಯ ಮುಂದೆ ಒಂದೊಂದು ಮಾತು:
ಸುಲಭ. ಸುಲಭ. ಮಧ್ಯಮ.

ಕಷ್ಟದ ದಾರಿಗಳೂ ಇವೆ, ಇಲ್ಲವೆಂದಲ್ಲ.
ಅಲ್ಲಿಗೆ ಹೋಗುವವರು ಹಲಗೆ ಓದುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ
ಈ ಮಾತುಗಳನ್ನು ಇಟ್ಟವನೂ ನಾನೇ.
ಆಗ ಶಾಲೆಯ ಬಸ್ಸು ಓಡಿಸುತ್ತಿದ್ದೆ,
ಬೆಳಗಿನ ಪಾಳಿಗೂ ಮಧ್ಯಾಹ್ನದ ಪಾಳಿಗೂ ನಡುವೆ
ಐದು ಗಂಟೆ ಖಾಲಿ.
ಕೌಂಟಿಯವರ ಅಳತೆಚಕ್ರ ಹಿಡಿದು
ಪುಡಿಗಲ್ಲಿನ ಮೇಲೆ ತಳ್ಳಿಕೊಂಡು ಹೋದೆ,
ಕಟಕ್ ಎಂದರೆ ಒಂದು ಗಜ.
ನೀರಿನ ಟ್ಯಾಂಕಿನವರೆಗೂ ಉಸಿರು ಬದಲಾಗಲಿಲ್ಲ:
ಸುಲಭ, ಅಂತ ಬರೆದುಕೊಂಡೆ.
ಯಾರ ಉಸಿರು ಅಂತ ಬರೆದುಕೊಳ್ಳಲಿಲ್ಲ.

ಮಂಗಳವಾರ ರಾತ್ರಿ ನಮ್ಮ ಬೀದಿಗಳಲ್ಲಿ
ಕಸದ ಡಬ್ಬಿಗಳು ಸಾಲಾಗಿ ಹೊರಗೆ ಬರುತ್ತವೆ.
ಬೆಳಗಾಗುವುದರೊಳಗೆ ಕರಡಿ ಬಂದು
ಎರಡನ್ನಾದರೂ ಮಗುಚಿ ಹೋಗಿರುತ್ತದೆ.
ಅದು ಇಳಿಯುವುದು ಮೂರನೆಯ ದಾರಿಯಲ್ಲಿ.
ಇಳಿಯುವಾಗ ಸುಲಭ; ಪೆಲ್ಟಿಯರ್ ಮನೆಯ
ಉಳಿದ ಪಿಜ್ಜಾ ಹೊತ್ತ ಹೊಟ್ಟೆಗೆ
ಹತ್ತುವಾಗ ಮಧ್ಯಮ.
ಅದೊಂದು ಮಾತ್ರ ಸರಿಯಾಗಿ ಬರೆದಿದ್ದೇನೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ.
ಬೆಂಕಿ ಬಂದ ವರ್ಷ ನಮಗೆ
ಹತ್ತಿರದ ಬೆಟ್ಟವೂ ನುಣ್ಣಗಾಯಿತು,
ಆಸ್ಪತ್ರೆಯಲ್ಲಿ ಬೋಳಿಸಿದ ತಲೆಯ ಹಾಗೆ.
ಮುಂದಿನ ಮಳೆಗೆ ಎರಡನೆಯ ಸುಲಭ
ಬೇರು ಬಿಟ್ಟು ಜಾರಿ
ಅದೇ ಪೆಲ್ಟಿಯರ್ ಈಜುಕೊಳದಲ್ಲಿ ಬಂದು ಕೂತಿತು.
ಅರ್ಧ ಮೈಲಿಯ ಗೂಟ
ಈಗ ಅವರ ಟೊಮೇಟೊ ಗಿಡಕ್ಕೆ ಆಸರೆ.
ವಾಪಸ್ ಕೇಳಲು ನನಗೆ ಬಾಯಿ ಬಂದಿಲ್ಲ.

ಉಳಿದದ್ದು ಟ್ಯಾಂಕಿನ ದಾರಿ.
ಸಿರಾನುಶ್ ಪ್ರತಿ ಶನಿವಾರ ಅಲ್ಲಿಗೆ ಹತ್ತುತ್ತಿದ್ದಳು,
ಅಂಗಡಿಯ ಇಸ್ತ್ರಿಯ ಬಿಸಿ ಇನ್ನೂ ತೋಳಲ್ಲಿಟ್ಟುಕೊಂಡು.
ಬೆರಳ ಗೆಣ್ಣಿನಿಂದ ಕಬ್ಬಿಣ ತಟ್ಟಿ,
ಕಲ್ಲಂಗಡಿ ಕೊಳ್ಳುವವಳ ಹಾಗೆ ಕಿವಿಯಿಟ್ಟು,
ಇಷ್ಟು ನೀರಿದೆ ಎಂದು ಊರಿಗೆಲ್ಲ ಹೇಳುತ್ತಿದ್ದಳು.
ಮೂರು ಬೇಸಿಗೆ ಅವಳ ಮಾತು
ನೀರಿನ ಇಲಾಖೆಯ ಕಾಗದಕ್ಕಿಂತ ಮೊದಲು ತಲುಪಿತ್ತು.

ಈ ಮಾರ್ಚಿನಲ್ಲಿ ಅವಳು
ನಡುದಾರಿಯ ಬೆಂಚಿನಲ್ಲೇ ಕೂತುಬಿಟ್ಟಳು.
"ಇದನ್ನು ಸುಲಭ ಅಂತ ಬರೆದ ಪುಣ್ಯಾತ್ಮ ಯಾರು?"
ನಾನು ಅಂದೆ.
"ಯಾರ ಮಂಡಿ ತೊಟ್ಟುಕೊಂಡು ಬರೆದೆ?"
ನನ್ನದೇ, ಅಂದೆ. ಹಳೆಯದು.
ಅವಳು ಷೂ ಬಿಚ್ಚಿ ಕಲ್ಲೊಂದನ್ನು ಉದುರಿಸಿದಳು,
ಕಡಲೆಯಷ್ಟು ದೊಡ್ಡದು,
ಅದನ್ನು ನನಗೆ ತೋರಿಸಿ ಎಸೆದಳು.
"ನೀನು ಹೋಗಿ ತಟ್ಟು. ನಾನು ಇಲ್ಲಿಂದ ಕೇಳುತ್ತೇನೆ."

ಹೋದೆ. ಎರಡನೆಯ ತಿರುವಿನಲ್ಲಿ
ಉಸಿರು ನನ್ನನ್ನು ಬಿಟ್ಟು ಮುಂದೆ ಓಡಿತು.
ನೋಟ ನೋಡುವವನ ಹಾಗೆ ನಟಿಸಿ ನಿಂತೆ:
ಕೆಳಗೆ ಹಂಚುಗಳು, ಹೆದ್ದಾರಿ,
ಮಬ್ಬಿನಲ್ಲಿ ಸಮುದ್ರ ಇರಬೇಕಾದ ಜಾಗ.
ಬಂಡೆಯ ಮೇಲೊಂದು ಹಲ್ಲಿ ಬಸ್ಕಿ ಹೊಡೆಯುತ್ತಿತ್ತು,
ನನ್ನನ್ನೇ ನೋಡುತ್ತ.

ಗೆಣ್ಣಿನಿಂದ ತಟ್ಟಿದೆ. ಸದ್ದು ನನಗೇ ಸಾಲಲಿಲ್ಲ.
ಕಲ್ಲೆತ್ತಿಕೊಂಡು ಹೊಡೆದೆ.
ಕಬ್ಬಿಣದ ಹೊಟ್ಟೆಯಿಂದ ಎದ್ದದ್ದು
ಪೊದೆಗಳನ್ನು ದಾಟಿ, ತಿರುವು ಹಿಡಿಯದೆ,
ನೇರ ಇಳಿಯಿತು.

ಕೆಳಗೆ ಬೆಂಚಿನ ಮೇಲೆ ಒಂದು ಕೈ ಎದ್ದಿತು.
ತಲೆಯ ಮಟ್ಟ, ಭುಜದ ಮಟ್ಟ,
ಸ್ವಲ್ಪ ಯೋಚಿಸಿ
ಎದೆಯ ಹತ್ತಿರ ಅಡ್ಡಲಾಗಿ ನಿಂತಿತು:
ಇಷ್ಟು.

ಹಲಗೆಯ ಬಣ್ಣ ಇನ್ನೂ ಹಸಿ ಅಂತ
ಸಂಘಕ್ಕೆ ಹೇಳಿದ್ದೇನೆ.